ಹತ್ತಿಯ ಗುಣಲಕ್ಷಣ

ಮೊನ್ನೆ ಬೆಳಿಗ್ಗೆ ಒಲೆಯ ಮೇಲಿದ್ದ ಹಾಲಿನ ಪಾತ್ರೆಯನ್ನು ಬರಿಗೈಯಲ್ಲಿ ಹಿಡಿದು ಎತ್ತಿದೆ. ಎತ್ತಿದಷ್ಟೇ ಬೇಗ ಬಿಟ್ಟೆ. ಹಾಲು ಅಡುಗೆಮನೆಯ ಕಟ್ಟೆಯಿಂದ ಇಳಿದು, ಗ್ಯಾಸ್ ಸಿಲಿಂಡರಿಗೆ ಅಭಿಷೇಕ ಮಾಡಿ, ಬಾಗಿಲಿನ ಕಡೆಗೆ ಹೊರಟಿತು. ನಾನು ಬೆರಳನ್ನು ಬಾಯಿಗಿಟ್ಟುಕೊಂಡು ಅದು ಹೋಗುವುದನ್ನು ನೋಡುತ್ತ ನಿಂತೆ. ಇದರಲ್ಲಿ ಹೇಳಿಕೊಳ್ಳುವಂಥದ್ದೇನಿದೆ ಎನ್ನುತ್ತೀರಾ? ಇದೆ. ಲೋಹಗಳು ಉತ್ತಮ ಉಷ್ಣವಾಹಕಗಳು ಎಂದು ಅರಸೀಕೆರೆ ತಾಲ್ಲೂಕಿನ ಮಕ್ಕಳಿಗೆ ಮೂವತ್ತು ವರ್ಷ ಹೇಳಿಕೊಟ್ಟವನು ನಾನು.

‘ನಮ್ಮ ಸುತ್ತಲಿನ ವಸ್ತುಗಳು’ ನನ್ನ ಮೆಚ್ಚಿನ ಪಾಠವಾಗಿತ್ತು. ಅದಕ್ಕಾಗಿ ಒಂದು ಪೆಟ್ಟಿಗೆಯನ್ನೇ ಮಾಡಿಕೊಂಡಿದ್ದೆ. ಅದರಲ್ಲಿ ತಾಮ್ರದ ತಂತಿ, ಗಾಜಿನ ಚೂರು, ರಬ್ಬರು, ತೆಂಗಿನ ನಾರು, ಬೆಣಚುಕಲ್ಲು, ಒಂದು ಹಿಡಿ ಹತ್ತಿ. ಗಟ್ಟಿ ಯಾವುದು, ಮೆತ್ತಗಿನದು ಯಾವುದು. ಬಾಗುವುದು ಯಾವುದು, ಮುರಿಯುವುದು ಯಾವುದು. ನೀರು ಹೀರುವುದು ಯಾವುದು. ಮಕ್ಕಳು ಮುಟ್ಟಿ ನೋಡಿ ಹೇಳಬೇಕು. ಒಂದು ಸಲ ಒಬ್ಬಳು ಹುಡುಗಿ ಎದ್ದು ನಿಂತು, “ಸಾ, ಇದರಲ್ಲಿ ಯಾವುದು ಒಳ್ಳೇದು ಸಾ?” ಎಂದು ಕೇಳಿದಳು. ವಸ್ತುಗಳಲ್ಲಿ ಒಳ್ಳೆಯದು ಕೆಟ್ಟದ್ದು ಅಂತ ಇಲ್ಲಮ್ಮ, ಗುಣ ಮಾತ್ರ ಇದೆ ಎಂದು ಗಂಭೀರವಾಗಿ ಉತ್ತರಿಸಿದೆ. ಆ ಉತ್ತರ ನನಗೇ ಎಷ್ಟು ಹಿಡಿಸಿತೆಂದರೆ ಸಾಯಂಕಾಲ ಮನೆಗೆ ಬಂದು ಹೆಂಡತಿಯ ಮುಂದೆಯೂ ಒಪ್ಪಿಸಿದೆ. ಸರೋಜ ಸೊಪ್ಪು ಬಿಡಿಸುತ್ತಿದ್ದಳು. “ಹಂಗಾದ್ರೆ ಆ ಪ್ಲಾಸ್ಟಿಕ್ ಡಬ್ಬ ಯಾಕ್ರೀ ಒಲೆ ಪಕ್ಕ ಇಟ್ರಿ?” ಎಂದಳು. ನೋಡಿದರೆ ಡಬ್ಬದ ಒಂದು ಮಗ್ಗುಲು ಆಗಲೇ ಸೊಟ್ಟಗಾಗಿತ್ತು.

ಸರೋಜ ಹೋದ ಮೇಲೆ ಮನೆಯ ಸಾಮಾನೆಲ್ಲ ನನ್ನ ಸುಪರ್ದಿಗೆ ಬಂತು. ಇಷ್ಟು ದಿನ ಇವುಗಳ ನಡುವೆಯೇ ಇದ್ದೆನೇ ಎಂದು ಆಶ್ಚರ್ಯವಾಗುತ್ತದೆ. ಪ್ಲಾಸ್ಟಿಕ್ ಡಬ್ಬಗಳ ವಿಷಯವನ್ನೇ ತೆಗೆದುಕೊಳ್ಳಿ. ಡಬ್ಬಗಳಿವೆ, ಮುಚ್ಚಳಗಳೂ ಇವೆ. ಆದರೆ ಯಾವ ಮುಚ್ಚಳವೂ ಯಾವ ಡಬ್ಬಕ್ಕೂ ಒಪ್ಪುವುದಿಲ್ಲ. ಅವಳ ಕೈಯಲ್ಲಿ ಟಪ್ಪೆಂದು ಕೂರುತ್ತಿದ್ದ ಮುಚ್ಚಳಗಳು ನನ್ನ ಕೈಯಲ್ಲಿ ಒಂದು ಕಡೆ ಒತ್ತಿದರೆ ಇನ್ನೊಂದು ಕಡೆ ಏಳುತ್ತವೆ. ಈಗ ನಮ್ಮ ಮನೆಯ ಬೇಳೆಕಾಳೆಲ್ಲ ತಟ್ಟೆ ಮುಚ್ಚಿಕೊಂಡು ಕೂತಿವೆ. ಮಸಿಬಟ್ಟೆ ಎಲ್ಲಿಡುತ್ತಿದ್ದಳೆಂಬುದು ಇವತ್ತಿಗೂ ತಿಳಿದಿಲ್ಲ. ತಿಳಿದಿದ್ದರೆ ಮೊನ್ನೆ ಆ ಹಾಲು ಉಳಿಯುತ್ತಿತ್ತು.

ಆದರೆ ನಾನು ಹೇಳಹೊರಟದ್ದು ಹಾಲಿನ ಮಾತಲ್ಲ. ಒಬ್ಬರು ಹೋದ ಮೇಲೆ ಅವರನ್ನು ಯಾವ ವಸ್ತು ಎಷ್ಟು ದಿನ ಇಟ್ಟುಕೊಳ್ಳುತ್ತದೆ ಎಂಬುದನ್ನು ನಮ್ಮ ಪಾಠದಲ್ಲಿ ಸೇರಿಸಿರಲಿಲ್ಲ. ಈಗ ಬೇಡವೆಂದರೂ ಅದೇ ಪಾಠ ಓದುತ್ತಿದ್ದೇನೆ. ಸ್ಟೀಲು ಹೆಸರು ಇಟ್ಟುಕೊಳ್ಳುತ್ತದೆ. ನಮ್ಮ ಕಡೆ ಪಾತ್ರೆ ಕೊಂಡಾಗ ಅಂಗಡಿಯವನ ಹತ್ತಿರ ಹೆಸರು ಹಾಕಿಸುವುದುಂಟಲ್ಲ, ಚುಕ್ಕಿ ಚುಕ್ಕಿಯಾಗಿ. ನಮ್ಮ ಮನೆಯ ಲೋಟ, ಬಟ್ಟಲು, ಸೌಟಿನ ಹಿಡಿಯ ಮೇಲೆಲ್ಲ ‘ಸರೋಜ’ ಎಂದಿದೆ. ನೀರು ಕುಡಿಯಲು ಲೋಟ ಎತ್ತಿದರೆ ಸರೋಜ, ಅನ್ನ ಬಡಿಸಿಕೊಳ್ಳಲು ಹೋದರೆ ಸರೋಜ. ಮೊದಲ ತಿಂಗಳು ಲೋಟವನ್ನು ತಿರುಗಿಸಿ ಹಿಡಿದುಕೊಳ್ಳುತ್ತಿದ್ದೆ. ಹಾಗೆ ಹಿಡಿದರೂ ಬೆರಳಿಗೆ ಆ ಚುಕ್ಕಿಗಳು ತಗಲುತ್ತಿದ್ದವು.

ಪ್ಲಾಸ್ಟಿಕ್ ಬಾಚಣಿಗೆ ಕೂದಲನ್ನು ಇಟ್ಟುಕೊಳ್ಳುತ್ತದೆ, ಬೇಕಾದರೆ ಇನ್ನೊಂದು ಯುಗದವರೆಗೆ. ಕನ್ನಡಿ ಏನನ್ನೂ ಇಟ್ಟುಕೊಳ್ಳುವುದಿಲ್ಲ. ಅವಳು ಅಂಚಿಗೆ ಅಂಟಿಸಿದ ಬಿಂದಿ ಅಲ್ಲೇ ಇದ್ದರೆ ಅದು ಅಂಟಿನ ಗುಣವೇ ಹೊರತು ಗಾಜಿನದಲ್ಲ. ಕಲ್ಲಿನ ಬಗ್ಗೆ ನನಗೆ ಒಂದಿಷ್ಟು ನಂಬಿಕೆಯಿತ್ತು. ಸರೋಜಳ ತವರು ಹಳೇಬೀಡಿಗೆ ಅಂಟಿಕೊಂಡಂತಿರುವ ಬಸ್ತಿಹಳ್ಳಿ. ಅಲ್ಲಿಯ ಬಸದಿಯಲ್ಲಿ ಕನ್ನಡಿಯಂತೆ ನುಣುಪಾದ ಕಂಬಗಳಿವೆ. ಬಳಪದ ಕಲ್ಲು ನೆಲದಿಂದ ತೆಗೆದಾಗ ಮೆತ್ತಗಿದ್ದು, ಗಾಳಿಗೆ ಒಡ್ಡಿಕೊಂಡು ಬರಬರುತ್ತ ಗಟ್ಟಿಯಾಗುತ್ತದೆ ಎಂದು ಮಕ್ಕಳನ್ನು ಅಲ್ಲಿಗೆ ಕರೆದುಕೊಂಡು ಹೋಗಿ ತೋರಿಸುತ್ತಿದ್ದೆ. ಸರೋಜ ಚಿಕ್ಕವಳಿದ್ದಾಗ ಆ ಕಂಬದಲ್ಲಿ ನೋಡಿಕೊಂಡು ಜಡೆ ಸರಿಮಾಡಿಕೊಳ್ಳುತ್ತಿದ್ದಳಂತೆ. ಮದುವೆಯಾದ ಹೊಸದರಲ್ಲಿ ನನ್ನನ್ನೂ ಎಳೆದುಕೊಂಡು ಹೋಗಿ ನಿಲ್ಲಿಸಿದ್ದಳು. ಕಂಬದಲ್ಲಿ ನಾವಿಬ್ಬರೂ ಉದ್ದುದ್ದ ಕಂಡಿದ್ದೆವು. ಅವಳು ಹೋದ ಮೇಲೆ ಒಮ್ಮೆ ಒಬ್ಬನೇ ಹೋಗಿ ಅದೇ ಕಂಬದ ಮುಂದೆ ನಿಂತೆ. ಉದ್ದ ಮುಖದ ಒಬ್ಬ ಮುದುಕ ಕಂಡ. ಇಷ್ಟು ಶತಮಾನದ ಕಲ್ಲು ಒಂದು ಮುಖವನ್ನು ಇಟ್ಟುಕೊಳ್ಳಲಾರದೇ ಹೋಯಿತಲ್ಲ ಎಂದು ಅಲ್ಲೇ ಕೂತು ಅತ್ತುಬಿಟ್ಟೆ. ಕಾವಲಿನವನು ದೂರದಿಂದ ನೋಡಿ, ನನ್ನನ್ನು ಮಹಾ ಭಕ್ತನೆಂದುಕೊಂಡನೋ ಏನೋ, ಸುಮ್ಮನಿದ್ದ.

ಉಳಿದದ್ದು ಹತ್ತಿ. ಅದರ ಕತೆ ಹೇಳಬೇಕಾದರೆ ಒಂದು ಸುಳ್ಳಿನಿಂದ ಶುರುಮಾಡಬೇಕು.

ಸರೋಜ ಹೋದದ್ದು ತಲೆಯಲ್ಲಿ ರಕ್ತನಾಳ ಒಡೆದು, ಕೂತಲ್ಲೇ. ಆ ವಾರ ಅವಳ ತಾಯಿ, ಅಂದರೆ ನಮ್ಮ ಅತ್ತೆ, ಹೃದಯದ ತೊಂದರೆಯಿಂದ ಹಾಸನದ ಆಸ್ಪತ್ರೆಯಲ್ಲಿ ಮಲಗಿದ್ದರು. ಅವರಿಗೆ ಆಘಾತವಾಗುವಂಥದ್ದೇನೂ ಹೇಳಬೇಡಿ ಎಂದರು ಡಾಕ್ಟರು. ಸರೋಜಳ ತಮ್ಮ ರಂಗಸ್ವಾಮಿ ಆಸ್ಪತ್ರೆಯ ಮೆಟ್ಟಿಲ ಮೇಲೆ ನನ್ನ ಕೈ ಹಿಡಿದುಕೊಂಡು, “ಭಾವ, ಅಕ್ಕನ್ನಂತೂ ಕಳ್ಕೊಂಡಾಯ್ತು, ಅವ್ವನಾದ್ರೂ ಉಳೀಲಿ” ಎಂದು ಅತ್ತ. ಅವನು ತೆಂಗು, ರಾಗಿ ನೋಡಿಕೊಂಡಿರುವ ಗಟ್ಟಿ ಆಳು. ಮನಸ್ಸು ಮಾತ್ರ ಬಹಳ ಮೆತ್ತಗಿನದು. ನಾನು ಒಪ್ಪಿದೆ. ನಮ್ಮ ಮಗಳು ಚೈತ್ರ ಆಗ ತುಂಬಿದ ಬಸುರಿ, ಹುಬ್ಬಳ್ಳಿಯಲ್ಲಿ ಅತ್ತೆಮನೆಯಲ್ಲಿದ್ದಳು. ಸರೋಜ ಮಗಳ ಬಾಣಂತನಕ್ಕೆ ಹುಬ್ಬಳ್ಳಿಗೆ ಹೋಗಿದ್ದಾಳೆ ಎಂದು ಅತ್ತೆಗೆ ಹೇಳಿದೆವು. ಅತ್ತೆಗೆ ಕಣ್ಣು ಮಂಜು, ಕಿವಿ ಮಂದ. ಹತ್ತಿರ ಕೂತು ಗಟ್ಟಿಯಾಗಿ ಹೇಳಿದರೆ ಕೇಳುತ್ತದೆ, ಫೋನಿನಲ್ಲಿ ಏನೂ ಕೇಳುವುದಿಲ್ಲ. ಹಾಗಾಗಿ ಸುಳ್ಳಿಗೆ ಅನುಕೂಲವೇ ಆಯಿತು.

ಸುಳ್ಳು ಹೇಳುವುದು ಸುಲಭ, ಅದನ್ನು ಸಾಕುವುದು ಕಷ್ಟ. ಅದಕ್ಕೆ ದಿನಾ ಮೇವು ಹಾಕಬೇಕು. ಬಸ್ತಿಹಳ್ಳಿಯವರೆಲ್ಲ ಇದರಲ್ಲಿ ಪಾಲು ತೆಗೆದುಕೊಂಡರು. ಅತ್ತೆಯನ್ನು ನೋಡಲು ಬಂದ ಹೆಂಗಸರು ಹುಬ್ಬಳ್ಳಿಯ ಸರೋಜಳ ಕ್ಷೇಮ ವಿಚಾರಿಸಿ, ಹೊರಗೆ ಬಂದು ಕಣ್ಣೊರೆಸಿಕೊಂಡು ಹೋಗುತ್ತಿದ್ದರು. ಮಗು ಹುಟ್ಟಿತು. ಅದು ನಿಜ, ಗಂಡುಮಗು. ತೂಕ ಕಮ್ಮಿ ಇದೆ, ಸರೋಜ ಇನ್ನಷ್ಟು ದಿನ ಅಲ್ಲೇ ಇರಬೇಕು ಎಂದ ರಂಗ. ತೂಕ ಸರಿಯಾಗಿಯೇ ಇತ್ತು. ನನ್ನ ಮೊಮ್ಮಗನ ಆರೋಗ್ಯವನ್ನು ನಾವು ಹೀಗೆ ಆಗಾಗ ಕೆಡಿಸಬೇಕಾಗಿ ಬಂತು.

ಆಮೇಲೆ ಒಂದು ದಿನ ನಾನು ಹೋದಾಗ ಅತ್ತೆ ಹತ್ತಿರ ಕರೆದು ಕೂರಿಸಿಕೊಂಡರು. “ಮೇಷ್ಟ್ರೇ, ಮಗೀಗೆ ನಾನೊಂದು ಹಾಸು ಹೊಲ್ದು ಕೊಡ್ಬೇಕು. ಸರೋಜಂದು ಹಳೇ ಸೀರೆ ಇದ್ರೆ ತಂದ್ಕೊಡಿ. ನೂಲಿಂದೇ ಆಗ್ಬೇಕು, ಮೆತ್ತಗಿರ್ಬೇಕು” ಎಂದರು.

ನಮ್ಮ ಕಡೆಯ ಮಕ್ಕಳು ಹುಟ್ಟಿದಾಗ ಮೊದಲು ಮಲಗುವುದು ಅಜ್ಜಿಯ ಹಳೆಯ ಸೀರೆಯ ಮೇಲೆ. ಹೊಸ ಬಟ್ಟೆ ಹಾಕುವುದಿಲ್ಲ. ಅದರಲ್ಲಿ ಗಂಜಿಯಿರುತ್ತದೆ, ಎಳೆಮೈಗೆ ಚುಚ್ಚುತ್ತದೆ. ಉಟ್ಟು ಒಗೆದು, ಉಟ್ಟು ಒಗೆದು ಮೆತ್ತಗಾದ ಸೀರೆಗಳನ್ನು ನಾಲ್ಕಾರು ಪದರ ಹಾಕಿ ಹೊಲಿದರೆ ಹಾಸು. ವಿಚಾರ ಮಾಡಿದರೆ ಹತ್ತಿ ವಿಚಿತ್ರವಾದ ವಸ್ತು. ಕಬ್ಬಿಣ ಹಳತಾದರೆ ತುಕ್ಕು, ಪ್ಲಾಸ್ಟಿಕ್ ಹಳತಾದರೆ ಬಿರುಕು, ಮರ ಹಳತಾದರೆ ಗೆದ್ದಲು. ಹತ್ತಿ ಮಾತ್ರ ಹರಿಯುವ ಹೊತ್ತಿಗೆ ಎಲ್ಲಕ್ಕಿಂತ ಮೆತ್ತಗಾಗಿ ಮಗುವಿನ ಮೈಗೆ ಲಾಯಕ್ಕಾಗುತ್ತದೆ. ಆಯಿತು ತರುತ್ತೇನೆ ಎಂದೆ. ಪುಣ್ಯದ ಕೆಲಸವೆಂದೇ ತಿಳಿದೆ.

ಬೀರು ತೆಗೆದೆ. ಅವಳು ಹೋದ ಮೇಲೆ ರೇಷ್ಮೆ ಸೀರೆಗಳನ್ನು ನೆನಪಿಗೆಂದು ಚೈತ್ರಳೂ ನನ್ನ ತಂಗಿಯರೂ ಹಂಚಿಕೊಂಡಿದ್ದರು. ನಿಜವಾಗಿ ಹಳೆಯದಾದವನ್ನು ಸರೋಜ ತಾನೇ ಬೀದಿಯ ಪಾತ್ರೆಯವಳಿಗೆ ಹಾಕಿ ಬಕೀಟು, ಜರಡಿ ಮಾಡಿಬಿಟ್ಟಿದ್ದಳು. ಉಳಿದದ್ದು ಮನೆಯಲ್ಲಿ ಉಡುತ್ತಿದ್ದ ಸೀರೆಗಳು. ಯಾರಿಗೂ ಬೇಡವಾದವು. ಬಣ್ಣ ಮಾಸಿದ್ದವು, ಮೆತ್ತಗಿದ್ದವು. ನನ್ನ ಕಣ್ಣಿಗೆ ಅವು ಹಳೆಯ ಸೀರೆಗಳೇ. ಆದರೂ ವಿಜ್ಞಾನದ ಮೇಷ್ಟ್ರು ನೋಡಿ, ಪರೀಕ್ಷೆ ಮಾಡದೆ ಬಿಡುವುದುಂಟೇ? ಒಂದೊಂದು ಸೀರೆಯಿಂದ ಒಂದೊಂದು ಎಳೆ ಕಿತ್ತು ದೀಪದ ಕುಡಿಗೆ ಹಿಡಿದೆ. ಪಾಲಿಯೆಸ್ಟರ್ ಕರಗಿ ಗುಂಡಗಾಗುತ್ತದೆ, ಸುಟ್ಟ ಪ್ಲಾಸ್ಟಿಕ್ಕಿನ ವಾಸನೆ ಬರುತ್ತದೆ. ಹತ್ತಿ ಕಾಗದದ ಹಾಗೆ ಉರಿದು ಬೂದಿಯಾಗುತ್ತದೆ. ಮಿಶ್ರಣದವನ್ನು ಆಚೆ ಇಟ್ಟೆ. ಅಪ್ಪಟ ಹತ್ತಿಯವು ಹಸಿರು ಚೌಕಳಿಯದು, ನೀಲಿಯದು, ಕಂದು ಅಂಚಿನದು. ಮೂರನ್ನೂ ಆರಿಸಿ ತೊಡೆಯ ಮೇಲಿಟ್ಟುಕೊಂಡೆ.

ಆಗ ವಾಸನೆ ಬಂತು. ಒಗ್ಗರಣೆ, ಅರಿಶಿನ, ಕೊಬ್ಬರಿ ಎಣ್ಣೆ, ಬೆವರು ಎಲ್ಲಾ ಸೇರಿದ, ಸರೋಜಳದೇ ಆದ ವಾಸನೆ. ಇಷ್ಟು ದಿನ ಬೀರು ಮುಚ್ಚಿಟ್ಟದ್ದಕ್ಕೆ ಉಳಿದಿತ್ತು. ಮಗುವಿಗೆ ಕೊಡುವ ಬಟ್ಟೆಯನ್ನು ಒಗೆಯದೆ ಕೊಡುವ ಹಾಗಿಲ್ಲ. ಒಗೆದರೆ ಇದು ಹೋಗುತ್ತದೆ. ಮೂರು ದಿನ ಹಾಗೇ ಇಟ್ಟುಕೊಂಡು ಕೂತೆ. ಹತ್ತಿ ಹೀರಿಕೊಳ್ಳುತ್ತದೆ ಎಂದು ಪಾಠ ಹೇಳುವಾಗ, ಹೀರಿಕೊಂಡದ್ದನ್ನು ಬಿಟ್ಟುಕೊಡುವುದೂ ಅದರ ಗುಣವೇ ಎಂದು ಒಂದು ಸಲವೂ ಹೇಳಿರಲಿಲ್ಲ. ಕೊನೆಗೆ ಬಕೀಟಿನಲ್ಲಿ ನೆನೆಹಾಕಿದೆ. ನೀರು ಸ್ವಲ್ಪ ಕದಡಿತು. ಆ ನೀರನ್ನು ಬಚ್ಚಲಿಗೆ ಚೆಲ್ಲಲು ಮನಸ್ಸು ಬಾರದೆ ಹಿತ್ತಲಿನ ತೆಂಗಿನ ಬುಡಕ್ಕೆ ಹಾಕಿದೆ. ನೋಡಿದವರು ನಗುತ್ತಿದ್ದರು. ನೋಡುವವರು ಯಾರೂ ಇರಲಿಲ್ಲ.

ಒಗೆದು, ಒಣಗಿಸಿ, ಅಂಚಿಗೆ ಅಂಚು ಸೇರಿಸಿ ಮಡಿಸಿ, ಚೀಲದಲ್ಲಿಟ್ಟುಕೊಂಡು ಜಾವಗಲ್ ಮೇಲೆ ಹೋಗುವ ಬಸ್ಸು ಹತ್ತಿದೆ. ಪಕ್ಕದಲ್ಲಿ ಕಣಕಟ್ಟೆಯ ಕಡೆಯವರೊಬ್ಬರು ಕೊಬ್ಬರಿ ಧಾರಣೆ ಬಿದ್ದುಹೋದದ್ದನ್ನು ದಾರಿಯುದ್ದಕ್ಕೂ ಹೇಳಿದರು. ನಾನು ಚೀಲವನ್ನು ಎದೆಗೊತ್ತಿಕೊಂಡು ಹೂಂಗುಟ್ಟುತ್ತಿದ್ದೆ.

ಅತ್ತೆ ಜಗಲಿಯಲ್ಲಿ ಬಿಸಿಲಿಗೆ ಕಾಲು ಚಾಚಿ ಕೂತಿದ್ದರು. ಸೂಜಿ, ದಾರದ ಉಂಡೆ, ಕತ್ತರಿ ಆಗಲೇ ಪಕ್ಕದಲ್ಲಿ ತಯಾರಿದ್ದವು. ರಂಗ ತೋಟಕ್ಕೆ ಹೋಗಿದ್ದ. ಸೀರೆಗಳನ್ನು ಅವರ ಮಡಿಲಲ್ಲಿಟ್ಟೆ. ಹಸಿರು ಚೌಕಳಿಯದನ್ನು ಬಿಡಿಸಿದರು. ಅಂಗೈಯಲ್ಲಿ ಸವರಿ, “ಬಲೇ ಮೆತ್ತಗೈತೆ” ಎಂದು ಖುಷಿಪಟ್ಟರು. ಹಾಗೇ ಅಂಚು ಹಿಡಿದು ತಡವುತ್ತ ಹೋದವರು ಕೈ ನಿಲ್ಲಿಸಿದರು.

“ಫಾಲ್ ಬಿಚ್ಚಿಲ್ವಲ್ಲ” ಎಂದರು.

ಸೀರೆಯ ಕೆಳಗಿನ ಅಂಚಿಗೆ ಒಳಗಿನಿಂದ ಹೊಲಿಯುವ ಪಟ್ಟಿ ಅದು. ಇನ್ನು ಉಡುವುದಿಲ್ಲ ಅಂದುಕೊಂಡ ಸೀರೆಯಿಂದ ಹೆಂಗಸರು ಮೊದಲು ಅದನ್ನು ಬಿಚ್ಚಿ ಇನ್ನೊಂದು ಸೀರೆಗೆ ತೆಗೆದಿಟ್ಟುಕೊಳ್ಳುತ್ತಾರಂತೆ. ನನಗೇನು ಗೊತ್ತು? “ಮರ್ತಿರಬೇಕು ಅತ್ತೆ” ಎಂದೆ.

ಅವರು ನೀಲಿಯದನ್ನು ತೆಗೆದು ಅಂಚು ಮುಟ್ಟಿದರು. ಆಮೇಲೆ ಕಂದು ಅಂಚಿನದು. ಮೂರಕ್ಕೂ ಫಾಲ್ ಇತ್ತು. ಎಲ್ಲೂ ಹರಿದಿರಲಿಲ್ಲ, ಮಡಿಕೆಯಲ್ಲೂ ಸೀಳಿರಲಿಲ್ಲ. ಕಂದು ಅಂಚಿನದನ್ನು ಕಣ್ಣಿನ ಹತ್ತಿರ ಹಿಡಿದುಕೊಂಡು ತುಂಬ ಹೊತ್ತು ನೋಡಿದರು.

“ಇವು ಅವ್ಳು ದಿನಾ ಉಡಾವು ಕಣ್ರೀ. ಇವೆಲ್ಲಾ ಇಲ್ಲೇ ಅವೆ ಅಂದ್ರೆ, ಅವ್ಳು ಅಲ್ಲಿ ಏನುಟ್ಕಂಡವ್ಳೆ?”

“ಹೊಸದು ತಗೊಂಡಿದಾಳೆ…”

“ಬಾಣ್ತಿ ಮನೇಲಿ ಹೊಸಾ ಸೀರೆ ಉಟ್ಕಂಡು ಯಾರ್ ಮಗೀಗೆ ನೀರಾಕ್ತಾರೆ?”

ಹಳೆಯ ಸೀರೆ ಬೇರೆ, ಉಡುತ್ತಿದ್ದ ಸೀರೆ ಬೇರೆ. ಬದುಕಿರುವ ಹೆಂಗಸು ಹಳೆಯದನ್ನು ಕೊಡುತ್ತಾಳೆ, ಉಡುವುದನ್ನು ಇಟ್ಟುಕೊಳ್ಳುತ್ತಾಳೆ. ನಾನು ಎಳೆ ಸುಟ್ಟು ನೋಡಿ ಆರಿಸಿದ್ದೆ, ಇಷ್ಟು ಮಾತ್ರ ತೋಚಿರಲಿಲ್ಲ. ಏನಾದರೂ ಹೇಳಬೇಕೆಂದು ಬಾಯಿ ತೆರೆದೆ. ಅತ್ತೆ ನನ್ನ ಮಣಿಕಟ್ಟು ಹಿಡಿದುಕೊಂಡರು. ಹಿಡಿತ ಬಿಗಿಯಾಗಿತ್ತು.

“ಯಾವಾಗ?”

“ನೀವು ಹಾಸನದ ಆಸ್ಪತ್ರೇಲಿ ಇದ್ರಲ್ಲ, ಆವಾಗ.”

“ನೋವು ತಿಂದ್ಲಾ?”

“ಇಲ್ಲ ಅತ್ತೆ. ಕೂತು ಮಾತಾಡ್ತಾ ಇದ್ಲು. ಹಂಗೇ ಒರಗಿದ್ಲು.”

ಅವರು ಕೂಗಿಕೊಳ್ಳಲಿಲ್ಲ. ಕಂದು ಅಂಚಿನ ಸೀರೆಯನ್ನು ಎರಡೂ ಕೈಯಲ್ಲಿ ಎತ್ತಿ ಮುಖ ಮುಚ್ಚಿಕೊಂಡರು. ಬೆನ್ನು ಮಾತ್ರ ಅಲುಗುತ್ತಿತ್ತು. ಅವರ ಹೃದಯಕ್ಕೆ ಏನಾದೀತೋ ಎಂದು ನನಗೆ ಹೆದರಿಕೆ. ಮಾತ್ರೆ ಎಲ್ಲಿದೆ, ಡಾಕ್ಟರಿಗೆ ಫೋನ್ ಮಾಡಲೇ ಎಂದು ಎದ್ದೆ, ಕೂತೆ, ಮತ್ತೆ ಎದ್ದೆ. ಅತ್ತೆ ಸೀರೆಯೊಳಗಿನಿಂದಲೇ ಒಂದು ಕೈ ಚಾಚಿ ನನ್ನನ್ನು ಕೂರಿಸಿದರು. ಸರೋಜ ಹೋದ ಮೇಲೆ ಅಷ್ಟು ಹತ್ತಿರ ಕೂತು ನನ್ನ ಜೊತೆ ಯಾರೂ ಅತ್ತಿರಲಿಲ್ಲ. ಮಿಕ್ಕವರೆಲ್ಲ ಸಮಾಧಾನ ಹೇಳಿದ್ದರು.

ಬೀದಿಯ ತುದಿಯಲ್ಲಿ ರಂಗನ ಬೈಕಿನ ಸದ್ದು ಕೇಳಿತು. ನಾನೇ ಹೇಳಬೇಕಾಯಿತು, “ರಂಗ ಬಂದ” ಎಂದು. ಅತ್ತೆ ತಟ್ಟನೆ ಸೀರೆ ಇಳಿಸಿ, ಸೆರಗಿನಿಂದ ಮುಖ ಒರೆಸಿಕೊಂಡರು.

“ಮೇಷ್ಟ್ರೇ, ಅವ್ನಿಗೆ ಹೇಳ್ಬೇಡಿ.”

“ಏನನ್ನ?”

“ನಂಗೆ ಗೊತ್ತಾತು ಅನ್ನಾದ್ನ. ನನ್ನ ಉಳಿಸ್ಕಬೇಕು ಅಂತ ಎಷ್ಟ್ ದಿನದಿಂದ ಒಳ್ಗೊಳ್ಗೇ ನುಂಗ್ಕಂಡವ್ನೆ. ಈಗ ಗೊತ್ತಾತು ಅಂದ್ರೆ ದಿನಾ ನನ್ ಮಂಚದ ತಾವೇ ಕುಂತ್ಕತಾನೆ, ಅನ್ನ ಬಿಟ್ಬುಡ್ತಾನೆ. ಅವ್ನು ತಡಿಯಲ್ಲ.”

ಹೇಳುತ್ತಲೇ ಸೂಜಿ ದಾರವನ್ನು ನನ್ನ ಕೈಗಿಟ್ಟು, “ಪೋಣಿಸ್ಕೊಡಿ” ಎಂದರು. ಅವರಿಗೆ ಯಾವತ್ತೂ ಕಾಣುತ್ತಿರಲಿಲ್ಲ; ಆವತ್ತು ನನಗೂ ಕಾಣಲಿಲ್ಲ. ದಾರ ಒದ್ದೆಮಾಡಿ, ಹೊಸೆದು ಎಷ್ಟು ಸಲ ಚುಚ್ಚಿದರೂ ಸೂಜಿಯ ಪಕ್ಕದಲ್ಲೇ ಹಾದುಹೋಗುತ್ತಿತ್ತು. ಬೈಕ್ ನಿಲ್ಲಿಸಿ ಬಂದ ರಂಗ, “ಕೊಡಿ ಭಾವ ಇಲ್ಲಿ” ಎಂದು ಕಿತ್ತುಕೊಂಡು ಒಂದೇ ಸಲಕ್ಕೆ ಪೋಣಿಸಿದ. ಸೀರೆಗಳನ್ನು ಕಂಡು ಅವನ ಮುಖ ಚಿಕ್ಕದಾಯಿತು. ಅಕ್ಕನ ಸೀರೆ ಅವನಿಗೂ ಗುರುತು ಹತ್ತಿತ್ತು. ಆದರೆ ಸುಧಾರಿಸಿಕೊಂಡು, ತಾಯಿಯ ಕಿವಿಯ ಹತ್ತಿರ ಬಗ್ಗಿ, ಎಂದಿಗಿಂತ ಗಟ್ಟಿಯಾಗಿ ಹೇಳಿದ:

“ಅಕ್ಕ ಬೆಳಿಗ್ಗೆ ಫೋನ್ ಮಾಡಿದ್ಲು ಕಣವ್ವ. ಮಗಾ ಚೆನ್ನಾಗೈತಂತೆ. ಬೇಗ ಬತ್ತೀನಿ ಅಂದ್ಲು.”

ಅತ್ತೆ ಹಸಿರು ಚೌಕಳಿಯ ಸೀರೆಯಲ್ಲಿ ಮೊದಲ ಹೊಲಿಗೆ ಹಾಕುತ್ತ, ತಲೆಯೆತ್ತದೆ ಹೇಳಿದರು, “ಅವಸರ ಏನೈತಪ್ಪ. ನಿಧಾನಕ್ಕೆ ಬರ್ಲಿ ಅನ್ನು.”

ರಂಗ ನೆಮ್ಮದಿಯಿಂದ ಒಳಗೆ ಹೋಗಿ ಕೈಕಾಲು ತೊಳೆದುಕೊಂಡ. ಹೋಗುವಾಗ ನನ್ನ ಕಡೆ ನೋಡಿ, ಹೇಗೆ ನಿಭಾಯಿಸಿದೆ ನೋಡಿ ಭಾವ ಎಂಬಂತೆ ಕಣ್ಣಲ್ಲೇ ಹೇಳಿದ. ನಾನೂ ಮೆಚ್ಚಿ ತಲೆ ಆಡಿಸಿದೆ.

ಹಾಸು ಹುಬ್ಬಳ್ಳಿಗೆ ಹೋಗಿ ತಲುಪಿದೆ. ಮಗು ಅದನ್ನು ದಿನಕ್ಕೆ ನಾಲ್ಕು ಸಲ ಒದ್ದೆ ಮಾಡುತ್ತದಂತೆ. ಹೀರಿಕೊಳ್ಳುವ ಗುಣ ಚೆನ್ನಾಗಿಯೇ ಇದೆ ಎಂದ ಹಾಗಾಯಿತು. ಅತ್ತೆಯ ಹೃದಯ ಇನ್ನೂ ನಡೆಯುತ್ತಿದೆ. ಡಾಕ್ಟರಿಗೇ ಆಶ್ಚರ್ಯ.

ಈಗ ನಾನು ಮೊದಲಿಗಿಂತ ಹೆಚ್ಚಾಗಿ ಬಸ್ತಿಹಳ್ಳಿಗೆ ಹೋಗುತ್ತೇನೆ. ರಂಗ ಮನೆಯಲ್ಲಿದ್ದಷ್ಟು ಹೊತ್ತು ಹುಬ್ಬಳ್ಳಿಯಲ್ಲಿರುವ ಸರೋಜಳ ಮಾತು. ಅಲ್ಲಿ ಮಳೆಯಂತೆ, ಅವಳಿಗೆ ನೆಗಡಿಯಂತೆ, ಮಗು ಅವಳನ್ನು ಬಿಟ್ಟಿರುವುದೇ ಇಲ್ಲವಂತೆ. ಅತ್ತೆ ಒಂದೊಂದನ್ನೂ ಕೇಳಿ ತಿಳಿದುಕೊಳ್ಳುತ್ತಾರೆ, ರಂಗ ಉತ್ಸಾಹದಿಂದ ಕಟ್ಟಿ ಹೇಳುತ್ತಾನೆ. ಅವನ ಮಾತಿನಲ್ಲಿ ಅವನ ಅಕ್ಕ ಎಷ್ಟು ಚೆನ್ನಾಗಿ ಬದುಕಿದ್ದಾಳೆಂದರೆ ಕೆಲವು ಸಲ ನನಗೂ ಒಂದು ಗಳಿಗೆ ಹಾಗೇ ಅನ್ನಿಸಿಬಿಡುತ್ತದೆ. ಆಮೇಲೆ ಊಟ ಮುಗಿಸಿ ಅವನು ಬೈಕ್ ಹತ್ತುತ್ತಾನೆ. ಅತ್ತೆಗೆ ಸದ್ದು ಕೇಳುವುದಿಲ್ಲವಾದ್ದರಿಂದ ನನ್ನ ಮುಖವನ್ನೇ ನೋಡುತ್ತ ಕೂತಿರುತ್ತಾರೆ. ಅವನು ಬೀದಿಯ ತಿರುವು ದಾಟಿದ ಮೇಲೆ ನಾನು ಅವರ ಕೈ ಮುಟ್ಟುತ್ತೇನೆ. ಆಗ ನಾವಿಬ್ಬರೂ ಅಳಲು ಶುರುಮಾಡುತ್ತೇವೆ.